ವಾಪಸ್ ಇಟ್ಟಿದ್ದಕ್ಕೆ ದಂಡ

ಜೂನ್ 12, ಗುರುವಾರ. ರಿಜೈನಾ.

ತೆರಿಗೆ ಇಲಾಖೆಯ ಸಹಾಯವಾಣಿಯಲ್ಲಿ ಕೂತ ನನಗೆ ಇವತ್ತೂ ಫೋನಿನಲ್ಲಿ ಅದೇ ಪ್ರಶ್ನೆ, ಹನ್ನೊಂದು ಸಲ. ತೆರಿಗೆಯಿಲ್ಲದ ಉಳಿತಾಯ ಖಾತೆಯಿಂದ ತೆಗೆದ ದುಡ್ಡನ್ನ ಅದೇ ವರ್ಷ ವಾಪಸ್ ಹಾಕಬಹುದಾ? ಇಷ್ಟೇ ಹಾಕಬಹುದು ಅನ್ನೋ ಮಿತಿ ಆಗಲೇ ತುಂಬಿದ್ದರೆ ಹಾಕಬಾರದು, ಮುಂದಿನ ಜನವರಿವರೆಗೂ ಕಾಯಬೇಕು. ಹೇಳಿ ಹೇಳಿ ನಾಲಿಗೆ ಸವೆದುಹೋಯ್ತು. ಹಾಳಾದ್ದು ಈ ಕೆಲಸ!

ಕೊನೆಗೆ ಸಿಕ್ಕಿದ್ದು ಪಕ್ಕದ ಮೂಸ್ ಜಾ ಊರಿನ ಆರ್ವಿಡ್ ಲುಂಡ್, ಎಪ್ಪತ್ತೆಂಟರ ಮುದುಕ. ಹೋದ ವರ್ಷ ಜನವರಿಯ ಚಳಿಯಲ್ಲಿ ಮನೆ ಬೆಚ್ಚಗಿಡುವ ಫರ್ನೇಸ್ ಕೆಟ್ಟಿತಂತೆ. ಇದೇ ಥರದ ಖಾತೆಯಲ್ಲಿದ್ದ ಷೇರು ಮಾರಿ ಆರು ಸಾವಿರ ಡಾಲರ್ ತೆಗೆದಿದ್ದಾನೆ. ಖಾತೆ ಬರಿದಾಗಿದ್ದು ಮನಸ್ಸಿಗೆ ಒಗ್ಗಲಿಲ್ಲ. ಏಪ್ರಿಲ್‌ನಲ್ಲಿ ಮೀನು ಹಿಡಿಯೋ ದೋಣಿ ಮಾರಿ ಅಷ್ಟನ್ನೂ ವಾಪಸ್ ಇಟ್ಟಿದ್ದಾನೆ, ಮಿತಿ ಆಗಲೇ ತುಂಬಿತ್ತು. ಈಗ ಐನೂರ ನಲವತ್ತು ಡಾಲರ್ ದಂಡ ಕಟ್ಟು ಅಂತ ಕಾಗದ ಬಂದಿದೆ.

“ನನ್ನ ದುಡ್ಡನ್ನ ನನ್ನ ಖಾತೆಗೇ ಹಾಕ್ದೆ. ಕಳ್ಳತನ ಮಾಡಿದ್ನಾ, ಮಗಳೇ?”

“ಇಲ್ಲ ಸಾರ್, ಜನವರಿವರೆಗೂ ಕಾಯಬೇಕಿತ್ತು.”

“ಖಾತೆಯಿಂದ ತೆಗೆದಿದ್ದನ್ನ ಕುಡಿದು ಹಾಳು ಮಾಡಿ, ವಾಪಸ್ ಇಡದೇ ಇದ್ದಿದ್ರೆ?”

ನಿಯಮ ನನಗೆ ಬಾಯಿಪಾಠ, ಆದರೂ ಪರದೆಯ ಮೇಲೆ ಇನ್ನೊಂದು ಸಲ ಓದಿದೆ.

“ಆಗ ದಂಡ ಇರ್ತಿರಲಿಲ್ಲ, ಸಾರ್.”

ಅವನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. “ಹಂಗಾದ್ರೆ ದೋಣಿನಾದ್ರೂ ಉಳ್ಕೋತಿತ್ತು” ಅಂದ.