ಎಲುಬಿನ ಡಬ್ಬಿ

ಟಾರ್ನೀಟ್, ಮೆಲ್ಬೋರ್ನ್
೧೨ ಸೆಪ್ಟೆಂಬರ್ ೨೦೨೫, ಶುಕ್ರವಾರ

ವಿರುಪಾಕ್ಷನ ಅಪ್ಪನವರಿಗೆ, ಮಲ್ಲವ್ವ ಮಾಡುವ ಶರಣು ಶರಣಾರ್ಥಿ.

ನಿಮ್ಮ ಮೊಣಕಾಲು ನೋವು ಹೇಗಿದೆ? ಬಿ.ಪಿ. ಗುಳಿಗೆ ತಪ್ಪಿಸುತ್ತಿಲ್ಲ ತಾನೆ? ಪಲ್ಲವಿಯ ಅವಳಿ ಕೂಸುಗಳನ್ನು ಪಾರ್ಕಿಗೆ ಕರೆದುಕೊಂಡು ಹೋಗುವಾಗ ಇಬ್ಬರನ್ನೂ ಎತ್ತಿಕೊಳ್ಳಬೇಡಿ, ನಿಮಗೇನು ಇಪ್ಪತ್ತು ವರ್ಷವೇ? ಅಳಿಯ ಸುಘೋಷ್ ಬೆಳಗ್ಗೆ ಓಟ್ಸ್ ಕೊಡುತ್ತಾನಂತೆ. ಓಟ್ಸ್ ತಿಂದು ಯಾರೂ ಸತ್ತಿಲ್ಲ, ಹಾಗೆಂದು ಬದುಕಿದಂತೆಯೂ ಇಲ್ಲ. ಇಲ್ಲಿ ನಾನು ಹುಷಾರಾಗಿದ್ದೇನೆ. ಮೊಮ್ಮಗಳು ನಿಹಾರಿಕಾಗೆ ನಾನು ಹೇಳುವುದೆಲ್ಲ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ನನಗೆ ಅವಳ ಉತ್ತರ ತಿಳಿಯುವುದಿಲ್ಲ. ಆದ್ದರಿಂದ ನಮ್ಮಿಬ್ಬರ ನಡುವೆ ಜಗಳವಿಲ್ಲ. ಯುಗಾದಿ ಆದ ಮೇಲೆ ಮಕ್ಕಳು ನಮ್ಮನ್ನು ಹಂಚಿಕೊಂಡರಲ್ಲ, ಸಿಡ್ನಿಯ ಕೆಲ್ಲಿವಿಲ್ಲಿಗೆ ಅಪ್ಪ, ಇಲ್ಲಿ ಟಾರ್ನೀಟಿಗೆ ಅವ್ವ ಎಂದು, ಆ ದಿನ ಏರ್‌ಪೋರ್ಟಿನಲ್ಲಿ ನಿಂತು ವಿಭೂತಿ ಗಟ್ಟಿಗಳನ್ನೂ ಅರ್ಧರ್ಧ ಮಾಡಿಕೊಂಡೆವು. ಊರಿನಿಂದ ತಂದ ವಿಭೂತಿ. ಇಲ್ಲಿಯ ಅಂಗಡಿಯದು ಸುಣ್ಣದ ಪುಡಿ, ನೀವಂತೂ ಮುಟ್ಟುವುದಿಲ್ಲ. ನನ್ನ ಪಾಲಿನ ಗಟ್ಟಿಗಳು ಏನಾದವು ಎಂಬುದನ್ನು ಹೇಳಲಿಕ್ಕೇ ಈ ಕಾಗದ. ಫೋನಿನಲ್ಲಿ ಹೇಳುವಂತಿಲ್ಲ, ಹಿಂದೆ ಮುಂದೆ ಯಾರಾದರೊಬ್ಬರು ನಿಂತೇ ಇರುತ್ತಾರೆ.

ನಿಮ್ಮ ಮಗ ಗ್ಯಾರೇಜಿನಲ್ಲಿ ಬಂದೂಕು ಮಾಡುತ್ತಿರುವುದು ನಿಮಗೆ ಗೊತ್ತಿದ್ದದ್ದೇ. ಕನ್ನಡ ಸಂಘದವರು ನವೆಂಬರಿನಲ್ಲಿ ಕಿತ್ತೂರಿನ ನಾಟಕ ಆಡುತ್ತಾರೆ, ಅದಕ್ಕೆ ಆ ಕಾಲದ ಚಕಮಕಿ ಬಂದೂಕು ಬೇಕು. ಪ್ಲಾಸ್ಟಿಕ್ಕಿನದು ಬೇಡವಂತೆ, ಪರದೆ ಮುಂದೆ ನಿಜವಾದ ಕಿಡಿ ಹಾರಬೇಕಂತೆ. ಪೊಲೀಸರ ಕಾಗದ ಪತ್ರ ಎಲ್ಲ ಮಾಡಿಸಿದ್ದಾನೆ. ನಳಿಗೆಯಲ್ಲಿ ತೂತೇ ಇಲ್ಲ, ಬರೀ ಗಟ್ಟಿ ಸಲಾಕೆ, ಗುಂಡು ಹಾರುವ ಮಾತೇ ಇಲ್ಲ. ಇಲ್ಲದಿದ್ದರೆ ನಾನು ಈ ಮನೆಯಲ್ಲಿ ನೀರು ಕುಡಿಯುತ್ತಿರಲಿಲ್ಲ. ಆದರೆ ಇದಕ್ಕೆಲ್ಲ ಮೂಲ ನೀವು. ಚಿಕ್ಕವನಿದ್ದಾಗ ಅವನನ್ನು ತೊಡೆಯ ಮೇಲೆ ಕೂರಿಸಿಕೊಂಡು ಕಿತ್ತೂರಿನ ಕಥೆ ಹೇಳಿದಿರಿ. ಶಾಲೆಯಲ್ಲಿ ಪಾಠ ಮಾಡಿದ್ದು ವಿಜ್ಞಾನ, ಮನೆಯಲ್ಲಿ ಹೇಳಿದ್ದು ಬರೀ ಕೋಟೆ ಕೊತ್ತಲ. ಈಗ ಅದರ ಫಲ ನಾನು ಉಣ್ಣುತ್ತಿದ್ದೇನೆ.

ಮೊದಲು ಹಿತ್ತಾಳೆಯ ಕೆಲಸ. ಹಿಡಿಯ ಹಿಂಬದಿಗೆ ಕೂರಿಸುವ ತಗಡು, ಬೆರಳಿಗೆ ಕಾವಲಾಗಿ ಬರುವ ಬಳೆ, ಎಲ್ಲ ಒರಟು ಒರಟಾಗಿ ಎರಕ ಹೊಯ್ದು ಬರುತ್ತವೆ. ಅವನ್ನು ವೈಸ್ ಎಂಬ ದೊಡ್ಡ ಇಕ್ಕಳದಲ್ಲಿ ಕಚ್ಚಿಸಿ, ಅರ ಹಿಡಿದು, ಶನಿವಾರ ಭಾನುವಾರವೆಲ್ಲ ಕಿರ್ ಕಿರ್ ಎಂದು ಉಜ್ಜುವುದು. ನನ್ನ ಹಲ್ಲಿಗೆ ಹುಳಿ ಹಿಡಿದ ಹಾಗಾಗುತ್ತದೆ. ಆ ಹಿತ್ತಾಳೆಯ ಪುಡಿ ಇಲ್ಲದ ಜಾಗ ಈ ಮನೆಯಲ್ಲಿ ಇಲ್ಲ. ಕಾಲುಚೀಲದಲ್ಲಿ, ಕಾರ್ಪೆಟ್ಟಿನಲ್ಲಿ, ಒಂದು ದಿನ ಜೋಳದ ಹಿಟ್ಟಿನಲ್ಲಿ. ಹಿಟ್ಟು ನಾದುವಾಗ ಏನೋ ಮಿಣಮಿಣ ಹೊಳೆಯಿತು, ಇಡೀ ಹಿಟ್ಟನ್ನು ಚೆಲ್ಲಿದೆ. ಕಪ್ಪು ಎಣ್ಣೆ ಮೆತ್ತಿದ ಕೈಯಲ್ಲೇ ಬಂದು ರೊಟ್ಟಿ ಮುರಿಯುತ್ತಾನೆ, ಥೂ, ನೋಡಿದರೆ ನನಗೆ ಊಟ ಸೇರುವುದಿಲ್ಲ. ಕಬ್ಬಿಣದ ತುಂಡು ಬಂದೂಕಿನ ಕಟ್ಟಿಗೆಯ ಹಿಡಿಯಲ್ಲಿ ಎಲ್ಲಿ ತಾಗುತ್ತದೆ ಎಂದು ತಿಳಿಯಲು ಅದಕ್ಕೆ ದೀಪದ ಮಸಿ ಹಿಡಿಸಬೇಕಂತೆ. ಮಸಿ ಹತ್ತಿದ ಕಡೆ ಕೆತ್ತಬೇಕು, ಮತ್ತೆ ಮಸಿ, ಮತ್ತೆ ಕೆತ್ತು. ಯಾವ ದೀಪದ ಮಸಿ ಅಂದಿರಿ? ನನ್ನ ದೇವರ ಜಗಲಿಯ ದೀಪದ್ದು! ಸೊಸೆ ಮಹಾಶ್ವೇತಾ ಆಸ್ಪತ್ರೆಯಿಂದ ದಣಿದು ಬಂದವಳು ಜಗಲಿಯ ತುಂಬ ಕರಿ ಬೆರಳಿನ ಗುರುತು ನೋಡಿ ನನ್ನ ಮುಖ ನೋಡಿದಳು. ಸೊಸೆಯೂ ನಾನೂ ಒಂದೇ ಮನಸ್ಸಿನವರಾದದ್ದು ಅದೇ ಮೊದಲು.

ಇಷ್ಟನ್ನು ಹೇಗೋ ನುಂಗಿಕೊಂಡಿದ್ದೆ. ಆಮೇಲೆ ಬಂತು ಕಿಡಿಯ ತಟ್ಟೆ. ಕುದುರೆ ಎಂಬ ಕೊಕ್ಕಿನಂಥ ತುಂಡು ಚಕಮಕಿ ಕಲ್ಲನ್ನು ಕಚ್ಚಿಕೊಂಡು ಬಂದು ಆ ತಟ್ಟೆಗೆ ಬಡಿದರೆ ಕಿಡಿ ಉದುರಬೇಕು. ಎರಡನ್ನೂ ಅವನೇ ಕಬ್ಬಿಣದಿಂದ ಕೊರೆದು, ಅರ ಹಾಕಿ, ಬಾಗಿಸಿ ಮಾಡಿದ. ನೋಡಲಿಕ್ಕೆ ಚೆನ್ನಾಗಿಯೇ ಇತ್ತು, ಸುಳ್ಳೇಕೆ ಹೇಳಲಿ. ಆದರೆ ತಟ್ಟೆ ಮೆತ್ತಗಿತ್ತು, ಕಿಡಿ ಬರಲಿಲ್ಲ. ಆಗ ಸಿಡ್ನಿಯಲ್ಲಿ ಕೂತು ಫೋನಿನಲ್ಲಿ ಉಪದೇಶ ಮಾಡಿದವರು ಯಾರು? "ಮೆತ್ತನ್ನ ಕಬ್ಬಿಣದ ಮೈ ಗಟ್ಟಿ ಆಗಬೇಕಂದ್ರ ಎಲುಬು, ಚರ್ಮದ ಇದ್ದಲಿಯೊಳಗ ಹುಗದು ಕೆಂಪಗ ಕಾಸಿ ನೀರಿಗೆ ಒಗೀಬೇಕಪಾ, ಹಿಂದಿನವರು ಹಂಗ ಮಾಡ್ತಿದ್ರು." ಸ್ಪೀಕರಿನಲ್ಲಿ ನಾನು ಕೇಳಿಸಿಕೊಂಡೆ. ಕೊರಳಲ್ಲಿ ಲಿಂಗ ಕಟ್ಟಿಕೊಂಡವರ ಬಾಯಲ್ಲಿ ಬರುವ ಮಾತೇ ಅದು?

ಡ್ಯಾಂಡಿನಾಂಗಿನ ಯಾವುದೋ ಕಟುಕರ ಅಂಗಡಿಯಿಂದ ಎಲುಬು ತಂದ. ಅದೂ ಶ್ರಾವಣದಲ್ಲಿ! ಗ್ಯಾರೇಜಿನ ಫ್ರಿಜ್ಜಿನಲ್ಲಿಟ್ಟ, ನನ್ನ ಕೊತ್ತಂಬರಿ ಕಟ್ಟಿನ ಕೆಳಗಿನ ಖಾನೆಯಲ್ಲಿ. ಹಿತ್ತಿಲಿನಲ್ಲಿ ಅದನ್ನು ಸುಟ್ಟು ಇದ್ದಲಿ ಮಾಡಿದ ದಿನದ ನಾತ ಏನೆಂದು ಬರೆಯಲಿ? ಪರದೆಗೆ, ಹಾಸಿಗೆಗೆ, ನನ್ನ ತಲೆಗೂದಲಿಗೆ ಹತ್ತಿತು. ಪಕ್ಕದ ಮನೆಯ ಬಿಳಿಯನೊಬ್ಬ ಬೇಲಿಯ ಮೇಲಿಂದ ಮೂಗರಳಿಸಿ "ಬಾರ್ಬೆಕ್ಯೂ?" ಎಂದು ನಗುತ್ತ ಕೇಳಿದ. ಶಿವಶಿವಾ! ನಮ್ಮ ಮನೆಯನ್ನು ನೋಡಿ ಒಬ್ಬ ಮನುಷ್ಯ ಕೇಳುವ ಮಾತೇ ಅದು? ನಾನು ತಲೆ ಮೇಲೆ ಸೆರಗು ಎಳೆದುಕೊಂಡು ಒಳಗೆ ಬಂದೆ. ಆ ದಿನ ಎರಡು ಸಲ ಮಿಂದರೂ ಮೈಯ ನಾತ ಹೋಗಲಿಲ್ಲ.

ಮರುದಿನ ಅವನು ಕಬ್ಬಿಣದ ಡಬ್ಬಿಯಲ್ಲಿ ಆ ಕರಿ ಇದ್ದಲಿ ತುಂಬಿ, ನಡುವೆ ತಟ್ಟೆ ಹುಗಿದು, ಮುಚ್ಚಳಕ್ಕೆ ಹಸಿ ಮಣ್ಣು ಮೆತ್ತಿ, ಭಟ್ಟಿಗೆ ಗ್ಯಾಸು ತರಲು ಹೋದ. ನನಗೆ ತಡೆಯಲಾಗಲಿಲ್ಲ. ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು ಮುಚ್ಚಳ ತೆಗೆದೆ, ಎಲುಬನ್ನೆಲ್ಲ ಬೀದಿಯ ಕಸದ ಡಬ್ಬಿಗೆ ಸುರಿದೆ. ಬರಿದಾದ ಡಬ್ಬಿಗೆ ಏನಾದರೂ ತುಂಬಬೇಕಲ್ಲ? ನನ್ನ ವಿಭೂತಿ ಗಟ್ಟಿಗಳನ್ನು ಒಳಕಲ್ಲಿನಲ್ಲಿ ಕುಟ್ಟಿ ತಟ್ಟೆಯ ಸುತ್ತ ತುಂಬಿ, ಮೊದಲಿನ ಹಾಗೆಯೇ ಮಣ್ಣು ಮೆತ್ತಿದೆ. ಮನೆಯೂ ಶುದ್ಧವಾಯಿತು, ಆ ಪಾಪಿ ಕಬ್ಬಿಣಕ್ಕೂ ಪುಣ್ಯ ಬರಲಿ ಎಂದುಕೊಂಡೆ.

ಕಾಸಿ, ತಣಿಸಿ, ಡಬ್ಬಿ ತೆಗೆದರೆ ಒಳಗೆಲ್ಲ ಬೆಳ್ಳಗಿನ ಬೂದಿ. ತಟ್ಟೆಗೆ ಅರ ಹಚ್ಚಿದ, ಬೆಲ್ಲಕ್ಕೆ ಹಚ್ಚಿದ ಹಾಗೆ ಇಳಿಯಿತು. ಕಲ್ಲು ಹೊಡೆದ, ಒಂದು ಕಿಡಿಯಿಲ್ಲ. "ಗಾಳಿ ಹೊಕ್ಕು ಎಲುಬೆಲ್ಲ ಬೂದಿ ಆಗ್ಯಾವಪ್ಪಾ" ಎಂದು ನಿಮಗೆ ಫೋನು ಮಾಡಿದ. "ಮಣ್ಣು ದಪ್ಪಗ ಮೆತ್ತು" ಎಂದಿರಿ ನೀವು, ದೊಡ್ಡ ವಿಜ್ಞಾನದ ಮಾಸ್ತರು. ನಾನು ಸೆರಗು ಬಾಯಿಗೆ ಹಿಡಿದು ನಕ್ಕೆ. ನಗು ಬಹಳ ಹೊತ್ತು ಉಳಿಯಲಿಲ್ಲ. ಈ ಬಂದೂಕು ಮುಗಿದ ಮರುದಿನವೇ ನನ್ನನ್ನು ಸಿಡ್ನಿಗೆ ಕರೆತರುವುದಾಗಿ ಅವನು ಆಷಾಢದಿಂದ ಹೇಳುತ್ತಿದ್ದ. ಅಂದು ಕೈ ತೊಳೆಯುತ್ತ ಹೇಳಿದ: "ಯವ್ವಾ, ಇನ್ನೊಮ್ಮೆ ಎಲುಬು ತಂದು ಕಾಸ್ತೀನಿ. ಆವಾಗೂ ಆಗಲಿಲ್ಲಂದ್ರ ನಾಟಕ ಮುಗದ ಮ್ಯಾಲೇ ಸಿಡ್ನಿ." ಒಬ್ಬಳೇ ವಿಮಾನ ಹತ್ತುವ ಧೈರ್ಯ ನನಗಿಲ್ಲ, ನಿಮಗೂ ಗೊತ್ತು.

ನಾಳೆ ಶನಿವಾರ ಆ ಇನ್ನೊಂದು ಸಲ. ಎಲುಬು ಮತ್ತೆ ಬಂದಿದೆ, ನಾತ ಮತ್ತೆ ಎದ್ದಿದೆ. ನನ್ನ ಹತ್ತಿರ ವಿಭೂತಿ ಗಟ್ಟಿ ಒಂದೇ ಒಂದು ಉಳಿದಿದೆ, ಅದೂ ನಾಳೆ ಡಬ್ಬಿಗೇ. ನವೆಂಬರ್ ಎಂದರೆ ನವೆಂಬರ್. ನಿಮ್ಮನ್ನು ನೋಡುವ ಆಸೆಗೆ ಶಿವನ ಮನೆಯಲ್ಲಿ ಎಲುಬು ಬೇಯಿಸಲಾರೆ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ನೀವು ಅಲ್ಲಿ ಉಣ್ಣುತ್ತೀರಿ, ನಾನು ಇಲ್ಲಿ ಮಲಗುತ್ತೇನೆ, ಈ ಜಗಳ ಮುಗಿಯುವುದು ಯಾವಾಗ?

ಪಲ್ಲವಿಗೂ ಸುಘೋಷನಿಗೂ ನನ್ನ ಆಶೀರ್ವಾದ ಹೇಳಿ, ಕೂಸುಗಳ ಕೆನ್ನೆ ಮುಟ್ಟಿ ದೃಷ್ಟಿ ತೆಗೆಯಿರಿ. ಈ ಕಾಗದ ಓದಿ ಹರಿದುಬಿಡಿ.

ಇಂತಿ ನಿಮ್ಮ ಮೇಲೆ ಸಿಟ್ಟಿನಲ್ಲಿರುವ,
ಮಲ್ಲವ್ವ

ತಾ.ಕ.: ಭಾನುವಾರ. ಕವರಿಗೆ ಅಂಟು ಹಚ್ಚುವ ಮುಂಚೆ ಅವಸರದಲ್ಲಿ ಬರೆಯುತ್ತಿದ್ದೇನೆ. ಶುಕ್ರವಾರ ಸಂಜೆ ವಿಡಿಯೊದಲ್ಲಿ ನಿಮ್ಮ ಹಣೆ ಬರಿದಾಗಿತ್ತು. ಕೇಳಿದರೆ "ವಿಭೂತಿ ತೀರಿ ಭಾಳ ದಿನ ಆತು, ಇರಲಿ ಬಿಡ" ಎಂದಿರಿ. ಐವತ್ತು ವರ್ಷದಲ್ಲಿ ಆ ಹಣೆಯನ್ನು ನಾನು ಹಾಗೆ ನೋಡಿರಲಿಲ್ಲ, ನಿದ್ದೆ ಬರಲಿಲ್ಲ. ನಿನ್ನೆ ವಿರುಪಾಕ್ಷ ಅರ್ಧ ತುಂಬಿದ ಡಬ್ಬಿ ಬಿಟ್ಟು ಫೋನಿಗೆಂದು ಆಚೆ ಹೋದ. ಉಳಿದರ್ಧ ನಾನೇ ತುಂಬಿದೆ, ಈ ಕೈಯಿಂದ, ಚೀಲ ಸುತ್ತಿಕೊಳ್ಳುವಷ್ಟು ವೇಳೆಯೂ ಇರಲಿಲ್ಲ. ಮೂಗು ಕಟ್ಟಿಕೊಂಡು ಎಲುಬನ್ನು ಒತ್ತಿ ಒತ್ತಿ ತುಂಬಿ ಮಣ್ಣು ಮೆತ್ತಿದೆ. ಕಿಡಿ ಬಂತು, ಸುರುಸುರುಬತ್ತಿಯ ಹಾಗೆ. ಅವನು ಅದು ದಪ್ಪ ಮಣ್ಣಿನ ಮಹಿಮೆ ಎಂದುಕೊಂಡು ಕುಣಿದ, ನಾನು ಬಚ್ಚಲಿಗೆ ಓಡಿದೆ. ಬರುವ ಶನಿವಾರದ ಟಿಕೆಟ್ ಬುಕ್ ಮಾಡಿದ್ದಾನೆ. ಉಳಿದಿದ್ದ ಆ ಒಂದು ವಿಭೂತಿ ಗಟ್ಟಿ ನಿಮಗೆಂದೇ ಸೆರಗಿನ ಗಂಟಿನಲ್ಲಿದೆ. ನಾನು ಬಂದ ಕೂಡಲೇ ಸ್ನಾನಕ್ಕೆ ಬಿಸಿನೀರು ಸಿದ್ಧವಿಡಿ, ಈ ಕೈ ಇನ್ನೂ ನಾರುತ್ತಿದೆ. ಮೊದಲು ಸ್ನಾನ, ಆಮೇಲೆ ನಿಮ್ಮ ಹಣೆಗೆ ವಿಭೂತಿ, ಆಮೇಲೆ ಜಗಳ.