ಐವತ್ತಕ್ಕೆ ಆರು ಕಮ್ಮಿ

ಹೊಲಿಗೆ ಅಂಗಡಿಯಿಂದ
ಏಪ್ರಿಲ್ ೧೩, ಶನಿವಾರ ಮಧ್ಯಾಹ್ನ

ನನ್ನ ಮುದ್ದಿನ ಗುಬ್ಬೀ,

ಕತ್ತು ನೋವು ಹೇಗಿದೆ? ಜಿಲ್ಲೆಯ ಅಷ್ಟೂ ಶಾಲೆಗಳ ಮೇಲ್ವಿಚಾರಣೆ ಅಂತ ದಿನಾ ಜೀಪಿನಲ್ಲಿ ಓಡಾಡುವವಳು, ಸಂಜೆ ಬಿಸಿನೀರಿನ ಶಾಖ ಕೊಟ್ಟುಕೋ. ಊಟ ಬಿಡಬೇಡ, ಕೆಲಸ ಅಂದರೆ ನಿನಗೆ ಹೊಟ್ಟೆಯೇ ಮರೆತುಹೋಗುತ್ತೆ. ನನ್ನ ಬೆನ್ನು ಪರವಾಗಿಲ್ಲ.

ನನ್ನ ಮಗಳು ಗಣಿತದಲ್ಲಿ ಫೇಲಾದದ್ದು ನಿನಗೆ ಗೊತ್ತೇ ಇದೆ. ನಲವತ್ತನಾಲ್ಕು. ಹೋದ ವರ್ಷ ಆಗಿದ್ದರೆ ಪಾಸು. ಪಾಸಿನ ಅಂಕ ಮೂವತ್ತೈದರಿಂದ ಐವತ್ತಕ್ಕೆ ಏರಿದ್ದು ಈ ವರ್ಷ. ಏರಿಸಿದವಳು ನೀನು. ಆದೇಶದ ಕೆಳಗೆ ನಿನ್ನ ಸಹಿ ನೋಡಿ ಮೊದಲು ಹೆಮ್ಮೆಯೇ ಆಯಿತು. ಆಮೇಲೆ ಹೊಟ್ಟೆ ಉರಿಯಿತು. ನಾನು ಓದಿದ ಶಾಲೆಯಲ್ಲಿ ಐವತ್ತು ಬೇಕಿತ್ತು, ಅಪ್ಪ ನಿನ್ನನ್ನು ಸೇರಿಸಿದ ಶಾಲೆಯಲ್ಲಿ ಮೂವತ್ತೈದು ಸಾಕಿತ್ತು. ನಲವತ್ತಾರು ತಗೊಂಡ ನಾನು ಮನೇಲಿ ಕೂತೆ, ಮೂವತ್ತೆಂಟು ತಗೊಂಡ ನೀನು ಕಾಲೇಜಿಗೆ ಹೋದೆ. ಆ ಮೂವತ್ತೆಂಟಕ್ಕೂ ಭಿನ್ನರಾಶಿ ಹೇಳಿಕೊಟ್ಟವಳು ನಾನೇ, ಅಡುಗೆಮನೆ ನೆಲದ ಮೇಲೆ ಸೀಮೆಸುಣ್ಣದಲ್ಲಿ. ಇಷ್ಟು ವರ್ಷ ಇದನ್ನು ಬಾಯಿಬಿಟ್ಟು ಆಡಿದವಳಲ್ಲ. ನೀನು ಮುಂದೆ ಬಂದೆಯಲ್ಲ ಅಂತ ಸಂತೋಷಪಟ್ಟೆ. ಸುಳ್ಳು ಯಾಕೆ, ಮುಕ್ಕಾಲು ಪಾಲು ಸಂತೋಷ.

ಸೋಮವಾರ ಅರ್ಧ ದಿನ ರಜೆ ಹಾಕಿ ಶಾಲೆಗೆ ಹೋಗಿ ಉತ್ತರಪತ್ರಿಕೆ ನೋಡಿದೆ. ತಿದ್ದಿದ್ದರಲ್ಲಿ ತಪ್ಪಿಲ್ಲ. ಹುಡುಗಿಗೆ ಭಿನ್ನರಾಶಿ ನಿಜಕ್ಕೂ ಬರಲ್ಲ. ಹಾಗಾದರೆ ಅಂಕ ಏರಿಸಿದ ಮೇಲೆ ಪಾಠದಲ್ಲಿ ಏನು ಬದಲಾಯಿತು ಅಂತ ಗಣಿತದ ಮೇಡಂನ ಕೇಳಿದೆ. ಪಾಪ, ಒಳ್ಳೆಯ ಹೆಂಗಸು. ಬಾಗಿಲು ಮುಂದೆ ಮಾಡಿ ಮೆಲ್ಲಗೆ ಹೇಳಿದರು: “ಏನೂ ಇಲ್ಲಮ್ಮ. ಜಾಸ್ತಿ ಮಕ್ಕಳು ಫೇಲಾದರೆ ನಮ್ಮನ್ನ ಕೇಳ್ತಾರೆ. ಅದಕ್ಕೇ ಪರೀಕ್ಷೆಗೆ ಬರೋ ಹತ್ತು ಲೆಕ್ಕಾನೇ ಬಾಯಿಪಾಠ ಮಾಡಿಸಿದ್ವಿ.” ಮನೆಗೆ ಬಂದವಳು, ಐವತ್ತೆರಡು ತಗೊಂಡು ಪಾಸಾದ ಪಕ್ಕದ ಮನೆ ಹುಡುಗಿಯನ್ನೂ ನನ್ನವಳನ್ನೂ ಕೂರಿಸಿ, ಎರಡೂಕಾಲು ಮೀಟರ್ ಬಟ್ಟೆಯಲ್ಲಿ ಮುಕ್ಕಾಲು ಮೀಟರಿನ ತುಂಡು ಎಷ್ಟು ಬರುತ್ತೆ ಅಂತ ಕೇಳಿದೆ. ಮೂರು ಅಂತ ಇಬ್ಬರಿಗೂ ಬರಲಿಲ್ಲ. ಒಬ್ಬಳು ಮುಂದಿನ ತರಗತಿಗೆ, ಇನ್ನೊಬ್ಬಳು ಅದೇ ಬೆಂಚಿಗೆ.

ಅವತ್ತು ನಿನಗೆ ಫೋನ್ ಮಾಡಿದರೆ, ನಾನು ಬಾಯಿ ತೆರೆಯುವ ಮೊದಲೇ ನೀನು “ನಮ್ಮವಳು ಅಂತ ನಿಯಮ ಸಡಿಲ ಮಾಡೋಕಾಗುತ್ತಾ ಅಕ್ಕಾ” ಅಂದೆ. ಸಡಿಲ ಮಾಡು ಅಂತ ನಾನೆಲ್ಲಿ ಕೇಳಿದೆ? ಮೂವತ್ತೈದು ಇದ್ದಾಗಲೂ ಕಲಿಸಲಿಲ್ಲ, ಐವತ್ತಾದ ಮೇಲೂ ಕಲಿಸಲಿಲ್ಲ, ಕಲಿಸುವವರು ಯಾರು ಅಂತ ಕೇಳಬೇಕಿತ್ತು. ನನ್ನ ಮಗಳು ಈಗ ಪುಸ್ತಕ ಮುಟ್ಟುತ್ತಿಲ್ಲ. ನಾಲ್ಕು ದಿನದಿಂದ ಅಂಗಡಿಗೆ ಬಂದು ನನ್ನ ಪಕ್ಕ ಕೂತು ಗುಂಡಿ ಹೊಲೀತಾಳೆ. ಚೆನ್ನಾಗಿಯೇ ಹೊಲೀತಾಳೆ. ಅದೇ ನನಗೆ ಭಯ.

ನಿನ್ನ ಮನೆಯವರನ್ನು ಕೇಳಿದೆ ಅಂತ ಹೇಳು. ಮಕ್ಕಳ ಕೆನ್ನೆ ನನ್ನ ಪರವಾಗಿ ಒಂದು ಸಲ ಸವರು. ನೀನು ಚೆನ್ನಾಗಿರು, ಈ ಒಂದು ಸಾಲು ಮಾತ್ರ ಸಿಟ್ಟಿಲ್ಲದೆ ಬರೀತಿದ್ದೇನೆ.

ನಿನ್ನ ಅಕ್ಕ

ಮರೆತಿದ್ದೆ: ಇಪ್ಪತ್ತನೇ ತಾರೀಕಿನ ಪೋಷಕರ ಸಭೆಗೆ ನೀನು ಬರ್ತೀಯ ಅಂತ ಶಾಲೆಯಿಂದ ಚೀಟಿ ಬಂದಿದೆ. ನಾನೂ ಬರ್ತೀನಿ, ಕಲಿಸುವವರು ಯಾರು ಅಂತ ಎಲ್ಲರೆದುರು ಎದ್ದು ನಿಂತು ಕೇಳ್ತೀನಿ. ನಿನ್ನನ್ನು ಮೇಡಂ ಅಂತಲೇ ಕರೀತೀನಿ. ನೀನೂ ಅಲ್ಲಿ ನನ್ನನ್ನು ಅಕ್ಕ ಅನ್ನಬೇಡ.