ಹೆಬ್ಬೆಟ್ಟು ಒತ್ತುವವರಿಗೆ ಲೈಬ್ರರಿ ಯಾಕೆ?

ನಮ್ಮ ಲೈಬ್ರರಿಯನ್ನು ಕಾರ್ಡ್ ರಸ್ತೆಯ ಆಚೆಗೆ ಸಾಗಿಸಲು ಅಪ್ಪಣೆ ಮಾಡಿರುವ ಮಾನ್ಯ ಅಧಿಕಾರಿಗಳೇ,

ತಾವು ಮಾಡಿರುವುದು ತಪ್ಪು. ಇದನ್ನು ಮೊದಲನೇ ಸಾಲಿನಲ್ಲೇ ಬರೆದುಬಿಡುತ್ತೇನೆ, ಏಕೆಂದರೆ ತಮ್ಮ ಕಚೇರಿಯಲ್ಲಿ ಎರಡನೇ ಸಾಲಿನವರೆಗೆ ಓದುವ ಪದ್ಧತಿ ಇಲ್ಲವೆಂಬುದು ನನಗೆ ಈಚೆಗೆ ಗೊತ್ತಾಗಿದೆ. ರಾಜಾಜಿನಗರದ ನಮ್ಮ ಮೂಲೆಯಲ್ಲಿ, ಹೊಂಗೆ ಮರದ ಕೆಳಗೆ, ಹೆಂಚಿನ ಸೂರು ಮತ್ತು ಕಲ್ಲಿನ ಜಗಲಿ ಇಟ್ಟುಕೊಂಡು ತನ್ನ ಪಾಡಿಗೆ ತಾನಿದ್ದ ಲೈಬ್ರರಿಯನ್ನು ಕಿತ್ತು ಬಸವೇಶ್ವರನಗರದ ಹೊಸ ಕಟ್ಟಡದ ಎರಡನೇ ಮಹಡಿಗೆ ಏರಿಸಬೇಕೆಂಬುದು ತಮ್ಮ ಅಪ್ಪಣೆ. ಖಾಲಿಯಾದ ಜಾಗದಲ್ಲಿ ರಸ್ತೆ ರಿಪೇರಿಯ ಟಾರಿನ ಡ್ರಮ್ಮುಗಳನ್ನು ಇಡಬೇಕೆಂಬುದೂ ತಮ್ಮದೇ. ಪುಸ್ತಕ ಮಹಡಿಗೆ, ಟಾರು ಜಗಲಿಗೆ. ಟಾರು ಇದ್ದಲ್ಲಿ ರಸ್ತೆಯಾದರೂ ಸರಿಯಾಗುತ್ತದೆಯೇ ಎಂದರೆ, ನಮ್ಮ ಬೀದಿಯ ಹಳ್ಳಗಳಲ್ಲಿ ಎಮ್ಮೆ ಮಲಗುತ್ತದೆ. ಬಂದು ನೋಡಬಹುದು.

ಬಾಗಿಲಿಗೆ ಅಂಟಿಸಿದ ನೋಟೀಸಿನಲ್ಲಿ ತಾವು ಕಾರಣ ಕೊಟ್ಟಿದ್ದೀರಿ. “ಸಾರ್ವಜನಿಕರ ಹೆಚ್ಚಿನ ಅನುಕೂಲ”, “ಪ್ರಶಾಂತ ವಾತಾವರಣ”, “ಈಗಿನ ಸ್ಥಳದಲ್ಲಿ ಓದುಗರ ಸಂಖ್ಯೆ ತೃಪ್ತಿಕರವಾಗಿಲ್ಲ”. ಯಾವ ಸಾರ್ವಜನಿಕರು ಸ್ವಾಮಿ? ಆ ಹೊಸ ಬಡಾವಣೆಯ ಮನೆಮನೆಗೂ ಬೆಳಗಾಗುವ ಹೊತ್ತಿಗೆ ಸೈಕಲ್ಲಿನವನು ಪತ್ರಿಕೆ ಎಸೆದು ಹೋಗುತ್ತಾನೆ. ಅವರು ಕಾಫಿ ಕುಡಿಯುತ್ತ ಮನೆಯಲ್ಲೇ ಓದಿ ಮುಗಿಸಿದ್ದನ್ನು ಮತ್ತೆ ಓದಲು ಎರಡು ಮಹಡಿ ಹತ್ತುತ್ತಾರೆಯೇ? ಇನ್ನು ಓದುಗರ ಸಂಖ್ಯೆ. ಬಾಗಿಲಲ್ಲಿರುವ ಪುಸ್ತಕದಲ್ಲಿ ರುಜು ಹಾಕಿ ಒಳಗೆ ಹೋದವರನ್ನು ಮಾತ್ರ ತಾವು ಎಣಿಸಿದ್ದೀರಿ. ಜಗಲಿಯ ಮೇಲೆ ಕೂತವರನ್ನು ಎಣಿಸಲಿಲ್ಲ. ಅವರು ಓದುಗರಲ್ಲ, ನಿಜ. ಅವರು ಕೇಳುಗರು. ಕೇಳುಗರಿಗೆ ತಮ್ಮ ಪುಸ್ತಕದಲ್ಲಿ ಕಾಲಮ್ಮಿಲ್ಲ.

ನನ್ನ ವಿಷಯ ಒಂದೆರಡು ಮಾತು ಹೇಳದಿದ್ದರೆ ಇದು ಅರ್ಥವಾಗುವುದಿಲ್ಲ. ಅಪ್ಪ ತೀರಿಕೊಂಡ ವರ್ಷ ನನ್ನನ್ನು ನಾಲ್ಕನೇ ಕ್ಲಾಸಿನಿಂದ ಎಬ್ಬಿಸಿ, ಮುಂದೆ ಬಟ್ಟೆ ಮಿಲ್ಲಿಗೆ ಹಾಕಿದರು. ಮಗ್ಗದ ಸದ್ದಿನಲ್ಲೇ ತಲೆ ನರೆಯಿತು. ಪಕ್ಕದವನ ಹತ್ತಿರ ಬೀಡಿ ಕೇಳಬೇಕಾದರೂ ಕೂಗಬೇಕು. ಕಿವಿ ಅರ್ಧ ಹೋಯಿತು, ಗಂಟಲು ಪೂರ್ತಿ ಉಳಿಯಿತು. ರಿಟೈರಾದ ಮೇಲೆ ಲೈಬ್ರರಿಗೆ ಹೋಗಿ, ಮೊದಲನೇ ದಿನ ಪತ್ರಿಕೆ ಬಿಡಿಸಿ, ಮನಸ್ಸಿನಲ್ಲೇ ಓದಿಕೊಳ್ಳುತ್ತಿದ್ದೇನೆ ಎಂದುಕೊಂಡು ಬೀದಿಗೆಲ್ಲ ಕೇಳುವ ಹಾಗೆ ಓದಿದೆನಂತೆ. ಒಳಗಿದ್ದ ಮೇಷ್ಟ್ರೊಬ್ಬರು ನನ್ನನ್ನು ಜಗಲಿಗೆ ಅಟ್ಟಿದರು. ಜಗಲಿಯ ಎದುರಿಗೆ ವಠಾರ. ಅಲ್ಲಿಯ ಹೆಂಗಸರು ಮನೆಯಲ್ಲಿ ಕೂತು ಊದುಬತ್ತಿ ಹೊಸೆಯುವವರು. ಮುಂದೊಂದು ಮಣೆ, ಪಕ್ಕದಲ್ಲಿ ಇದ್ದಿಲು ಪುಡಿ ಕಲಸಿದ ಮಸಾಲೆಯ ಮುದ್ದೆ, ಕಡ್ಡಿಯ ಕಂತೆ, ಅಷ್ಟೇ ಅವರ ಕಾರ್ಖಾನೆ. ನನ್ನ ಗಂಟಲು ಕೇಳಿ ಮೊದಲು ಅಕ್ಕಯ್ಯಮ್ಮ ಮಣೆ ಎತ್ತಿಕೊಂಡು ಬಂದಳು. ಆಮೇಲೆ ಇಡೀ ವಠಾರವೇ ಬಂತು. ಕೈಗೆ ಕೆಲಸ, ಕಿವಿಗೆ ಪತ್ರಿಕೆ. ಅವರ ಕಪ್ಪು ಕೈ ಒಂದು ದಿನವೂ ಲೈಬ್ರರಿಯ ಒಂದು ಹಾಳೆಯನ್ನೂ ಮುಟ್ಟಿಲ್ಲ. ತಿರುವುವವನು ನಾನು.

ಇದು “ಗಲಾಟೆ” ಎಂದು ತಮಗೆ ವರದಿ ಹೋಗಿದೆಯಂತೆ. ಹೌದು, ಗಲಾಟೆಯೇ. ವಾರಪತ್ರಿಕೆಯ ಧಾರಾವಾಹಿಯಲ್ಲಿ ಅತ್ತೆಯ ಕಾಟ ತಡೆಯಲಾರದ ಸೊಸೆ ರಾತ್ರಿ ಬಾವಿಯ ಕಡೆ ಹೊರಟಾಗ ಅಕ್ಕಯ್ಯಮ್ಮ ಕೈಯಲ್ಲಿದ್ದ ಕಡ್ಡಿ ಎಸೆದಳು.

“ಬ್ಯಾಡ ಕಣಣ್ಣ. ಅವ್ಳು ಬೀಳೋದನ್ನ ಬಿಟ್ಬುಟ್ಟು ಮುಂದಕ್ಕೆ ಓದು.”

“ಅಚ್ಚಾಗಿರೋದನ್ನ ಹೆಂಗಮ್ಮ ಬಿಡ್ಲಿ?”

“ನೀನೇನು ಪೊಲೀಸ್ನೋನಾ, ನಡೆದದ್ದು ನಡೆದಂಗೇ ಹೇಳೋಕೆ? ಬಿಡಣ್ಣ ಅಂದ್ರೆ.”

ನಾನು ರೇಗಿದೆ. ಆಮೇಲೆ ಬಿಟ್ಟೇ ಓದಿದೆ. ಮುಂದಿನ ವಾರ ನೋಡಿದರೆ ಆ ಸೊಸೆ ಬದುಕಿಕೊಂಡಿದ್ದಳು. ಅದು ತನ್ನಿಂದಲೇ ಆದದ್ದು ಎಂದು ಅಕ್ಕಯ್ಯಮ್ಮ ಇವತ್ತಿಗೂ ನಂಬಿದ್ದಾಳೆ. ಹೋದ ವರ್ಷ ಎಮರ್ಜೆನ್ಸಿ ಮುಗಿದಾಗ, ಇನ್ನು ಯಾರು ಬೇಕಾದರೂ ಬಾಯಿ ಬಿಡಬಹುದು ಎಂದು ಪತ್ರಿಕೆಯಲ್ಲಿ ಬಂದದ್ದನ್ನು ಇದೇ ಜಗಲಿಯಲ್ಲಿ ಓದಿದೆ. “ನಾವ್ ಯಾವತ್ತಣ್ಣ ಮುಚ್ಚಿದ್ದು?” ಎಂದು ಕೇಳಿದವಳೂ ಅವಳೇ. ಈ ಗಲಾಟೆಯನ್ನು ತಮ್ಮ ಪ್ರಶಾಂತ ಮಹಡಿಯ ಮೇಲೆ ಎಲ್ಲಿ ಇಡುತ್ತೀರಿ? ಮಣೆ, ಮಸಾಲೆ ಹೊತ್ತುಕೊಂಡು ಕಾರ್ಡ್ ರಸ್ತೆಯ ಲಾರಿಗಳ ಮಧ್ಯೆ ದಾಟಿ ಹೋದರೂ, “ಸದ್ದು ಮಾಡಬಾರದು” ಎಂಬ ಬೋರ್ಡಿನ ಕೆಳಗೆ ನಾನು ಯಾವ ಬಾಯಲ್ಲಿ ಓದಲಿ?

ಇವರಲ್ಲಿ ನೀಲಗಂಗಮ್ಮ ಎಂಬಾಕೆಯ ವಿಷಯವನ್ನು ತಾವು ಕೇಳಲೇಬೇಕು. ಗಂಡ ಅದೇ ಕಾರ್ಡ್ ರಸ್ತೆಯಲ್ಲಿ ಲಾರಿಗೆ ಸಿಕ್ಕು ಹೋದ. ಅಂದಿನಿಂದ ಅವಳು ಆ ರಸ್ತೆ ದಾಟಿದವಳಲ್ಲ. ಕಥೆಯಲ್ಲಿ ಯಾರು ಸತ್ತರೂ ಯಾರು ಬದುಕಿದರೂ ಮಾತಾಡುತ್ತಿರಲಿಲ್ಲ. ಒಂದು ದಿನ ಎಲ್ಲರೂ ಎದ್ದು ಹೋದ ಮೇಲೆ ಕೇಳಿದಳು:

“ಅಣ್ಣ, ಇಷ್ಟೊತ್ತು ಓದ್ದಲ್ಲ, ಅದ್ರಲ್ಲಿ ನನ್ ಹೆಸರಿನ ಅಕ್ಸರ ಎಲ್ಲಾದ್ರೂ ಇತ್ತಾ?”

ಪತ್ರಿಕೆಯ ತಲೆಯ ಮೇಲೆ ದಪ್ಪಕ್ಷರದಲ್ಲಿ “ನೀರಿಗೆ ಹಾಹಾಕಾರ” ಎಂದಿತ್ತು. ಮೊದಲನೇ ಅಕ್ಷರದ ಮೇಲೆ ಬೆರಳಿಟ್ಟು ತೋರಿಸಿದೆ. ಇದು ತಮ್ಮ ಕೃಪೆ. ಈ ಊರಿನಲ್ಲಿ ನೀರಿನ ಸುದ್ದಿ ಇಲ್ಲದ ದಿನ ಯಾವುದು? ಹಾಗಾಗಿ ಆ ಅಕ್ಷರ ಅವಳಿಗೆ ದಿನವೂ ಸಿಗುತ್ತಿತ್ತು. ಮಸಾಲೆ ಮೆತ್ತಿದ ಬೆರಳಿನಿಂದ ಜಗಲಿಯ ಕಲ್ಲಿನ ಮೇಲೆ ತಿದ್ದುವಳು. ಸಂಜೆ ಅಟೆಂಡರು ಗೊಣಗುತ್ತ ಬಂದು, “ನಿಮ್ಮ ಕಾಗುಣಿತ ಒರೆಸಿ ಒರೆಸಿ ನನ್ನ ಸೊಂಟ ಬಿದ್ದೋಯ್ತು” ಎಂದು ಒದ್ದೆ ಬಟ್ಟೆ ಹಾಕುವರು. ಅವರ ಹೆಸರು ಬರೆಯುವುದಿಲ್ಲ. ಬರೆದರೆ ವರ್ಗ ಮಾಡುತ್ತೀರಿ. ಹೀಗೆ ಬರೆದು, ಒರೆಸಿ, ಮತ್ತೆ ಬರೆದು ಮಳೆಗಾಲ ಕಳೆಯುವ ಹೊತ್ತಿಗೆ ಅವಳ ಹೆಸರು ಅವಳ ಕೈಗೆ ಕೂತಿತು.

ಆಗ ತಮ್ಮ ನೋಟೀಸು ಬಂತು. ಆಕ್ಷೇಪಣೆ ಇದ್ದವರು ಬರೆದು ತಿಳಿಸಬೇಕು ಎಂದಿತ್ತು. ಅರ್ಜಿ ನಾನೇ ಬರೆದೆ. ಹೆಬ್ಬೆಟ್ಟಿನ ಮಸಿಗೆ ಸ್ಟ್ಯಾಂಪ್ ಪ್ಯಾಡ್ ತರಲು ಹೊರಟವನನ್ನು ನೀಲಗಂಗಮ್ಮ ತಡೆದಳು. “ನಾನು ಬರೀತೀನಿ ಕಣಣ್ಣ.”

“ಬರಿಯಮ್ಮ ಕಲೆಕ್ಟ್ರಮ್ಮ,” ಎಂದಳು ಅಕ್ಕಯ್ಯಮ್ಮ. “ನಮ್ ಕಡ್ಡಿ ಒಣಗೋದ್ರೊಳಗೆ ಮುಗ್ಸು.”

ಅವಳು ಸೆರಗಿಗೆ ಕೈ ಒರೆಸಿಕೊಂಡು ನನ್ನ ಪೆನ್ನು ಹಿಡಿದಳು. ಹಾಳೆಯ ಅಗಲಕ್ಕೂ ಬರೆದಳು. ಬರೆಯುವಷ್ಟು ಹೊತ್ತೂ ಯಾರೂ ನಗಲಿಲ್ಲ, ಅಕ್ಕಯ್ಯಮ್ಮನೂ ನಗಲಿಲ್ಲ. ನಾನು ಪ್ಯಾಡ್ ತಂದು ನೋಡಿದರೆ ಉಳಿದವರೆಲ್ಲ ಅವಳ ಹೆಸರಿನ ಕೆಳಗೆ ಮಸಾಲೆಯ ಬೆರಳಿನಲ್ಲೇ ಒತ್ತಿ ಮುಗಿಸಿದ್ದರು. “ಪ್ಯಾಡ್ ಯಾಕಣ್ಣ, ನಮ್ ಹೆಬ್ಬೆಟ್ಟೇ ಪ್ಯಾಡು” ಎಂದರು. ಬೈದೆ. ಬೈದು ನನ್ನ ರುಜು ಹಾಕಲು ಹೋದರೆ ಅಕ್ಕಯ್ಯಮ್ಮ ಕೈ ಅಡ್ಡ ಹಿಡಿದಳು. “ನೀನೊಬ್ನೇ ದೊಡ್ ಮನ್ಸನಾ? ನೀಲಗಂಗಿ ಮುತ್ತಿನಂಗೆ ಬರೆದವ್ಳೆ. ಅದ್ರ ಪಕ್ಕ ನಿನ್ ಕೋಳಿಕಾಲು ಬ್ಯಾಡ. ಒತ್ತು.” ಒತ್ತಿದೆ. ಮಿಲ್ಲಿನ ಸಂಬಳದ ದಿನವೂ ರುಜು ಹಾಕಿದವನು, ಅವತ್ತು ಹೆಬ್ಬೆಟ್ಟು ಒತ್ತಿದೆ.

ಹಾಳೆ ಮಡಿಚಿ ಜೇಬಿನಲ್ಲಿಟ್ಟು ತಮ್ಮ ಕಚೇರಿಗೆ ಬಸ್ಸು ಹತ್ತಿದೆ. ಆ ನೂಕುನುಗ್ಗಲಿನಲ್ಲಿ ಹಸಿ ಮಸಾಲೆ ಏನಾಗುತ್ತದೆಂದು ಯಾರಿಗೂ ಹೊಳೆದಿರಲಿಲ್ಲ. ತಾವು ಬಿಡಿಸಿದಾಗ ಅಷ್ಟೂ ಹೆಬ್ಬೆಟ್ಟು ಕಲಸಿಕೊಂಡು ಒಂದೇ ಕಪ್ಪು ಮಚ್ಚೆಯಾಗಿತ್ತು. ಮೇಲೆ ಒಂದು ಹೆಸರು ಮಾತ್ರ ನೆಟ್ಟಗೆ ನಿಂತಿತ್ತು. “ಇದೇನ್ರೀ, ಅರ್ಜಿಯೋ ದೃಷ್ಟಿಬೊಟ್ಟೋ?” ಎಂದಿರಿ. ತಮ್ಮ ಗುಮಾಸ್ತರು ನಕ್ಕರು. ಅದು ವಠಾರದವರ ಹೆಬ್ಬೆಟ್ಟು ಎಂದು ನಾನು ಹೇಳಿದ್ದಕ್ಕೆ ತಾವು ಮೂಗಿಗೆ ಕರವಸ್ತ್ರ ಹಿಡಿದು, “ಹೆಬ್ಬೆಟ್ಟು ಒತ್ತೋರಿಗೆ ಲೈಬ್ರರಿ ಯಾಕ್ರೀ?” ಎಂದಿರಿ. ಕೂಗಾಡಿದೆ. ಜವಾನ ರಟ್ಟೆ ಹಿಡಿದು ಹೊರಗೆ ಬಿಟ್ಟ.

ನನಗೆ ಕೋಪ ಬೇಗ ಬರುತ್ತದೆ, ಉತ್ತರ ತಡವಾಗಿ ಬರುತ್ತದೆ. ಈಗ ಬಂದಿದೆ, ಕೇಳಿ. ಹೆಬ್ಬೆಟ್ಟು ಒತ್ತುವವರಿಗಲ್ಲದೆ ಲೈಬ್ರರಿ ಇನ್ನಾರಿಗೆ? ಹೊಟ್ಟೆ ತುಂಬಿದವರಿಗೆಂದು ಯಾರಾದರೂ ಅನ್ನಛತ್ರ ಕಟ್ಟಿಸುತ್ತಾರೆಯೇ? ಗಟ್ಟಿಮುಟ್ಟಾದವರನ್ನೇ ಆರಿಸಿ ಆಸ್ಪತ್ರೆಗೆ ಸೇರಿಸಿಕೊಳ್ಳುತ್ತಾರೆಯೇ? ತಾವು ಬಿ.ಎ. ಓದಿದ್ದೀರೋ ಎಂ.ಎ. ಓದಿದ್ದೀರೋ ಕಾಣೆ. ಆ ವಾಸನೆಗೆ ಮೂಗು ಮುಚ್ಚಿಕೊಂಡಿರಲ್ಲ, ತಮ್ಮ ಕುರ್ಚಿಯ ಹಿಂದಿನ ದೇವರ ಪಟದ ಮುಂದೆ ಉರಿಯುತ್ತಿದ್ದದ್ದು ಏನು? ಅದನ್ನು ಹೊಸೆದ ಬೆರಳು ಯಾವುದು?

ಹದಿನೈದು ದಿನಕ್ಕೆ ಬಾಗಿಲ ಮೇಲೆ ಇನ್ನೊಂದು ನೋಟೀಸು. “ಸ್ಥಳಾಂತರದ ವಿರುದ್ಧ ಒಂದು ಆಕ್ಷೇಪಣೆ ಮಾತ್ರ ಸ್ವೀಕೃತವಾಗಿದ್ದು, ಅದನ್ನು ಪರಿಶೀಲಿಸಿ ತಳ್ಳಿಹಾಕಲಾಗಿದೆ.” ಜಗಲಿಯವರಿಗೆ ಓದಿ ಹೇಳಿದೆ.

“ಆ ಒಂದು ಯಾರ್ದಣ್ಣ?” ಎಂದಳು ನೀಲಗಂಗಮ್ಮ.

“ನಿಂದೇ ಕಣಮ್ಮ. ನಾವೆಲ್ಲ ಕಲಸಿ ಹೋದ್ವಿ. ಓದೋಕೆ ಬಂದದ್ದು ಅದೊಂದೇ.”

ಅವಳ ಮುಖ ಅರಳಿತು. “ಹಂಗಾದ್ರೆ ನನ್ ಹೆಸ್ರನ್ನ ಅವ್ರು ಓದವ್ರೆ!”

ಆಮೇಲಿನ ಮಾತನ್ನು, “ತಳ್ಳಿಹಾಕಲಾಗಿದೆ” ಎಂಬುದನ್ನು, ನಾನು ಎರಡನೇ ಸಲ ಓದಲಿಲ್ಲ. ಬಿಟ್ಟುಬಿಟ್ಟೆ.

ಲೈಬ್ರರಿ ಉಳಿಸಿಕೊಡಿ ಎಂದು ನಾನೀಗ ಕೇಳುವುದಿಲ್ಲ. ನಿನ್ನೆ ಲಾರಿಯಲ್ಲಿ ಪುಸ್ತಕದ ಬೀರುಗಳು ಹೋದವು. ಪತ್ರಿಕೆ ಹರಡುವ ಮೇಜೂ ಹೋಯಿತು. ಹೊಂಗೆ ಮರದ ಕೆಳಗೆ ಡ್ರಮ್ಮುಗಳು ಬಂದು ನಿಂತಿವೆ. ಹೆಂಗಸರು ಮಣೆ ಎತ್ತಿಕೊಂಡು ವಠಾರದ ಕತ್ತಲೆಗೆ ವಾಪಸು ಹೋಗಿದ್ದಾರೆ. ಈ ಪತ್ರವನ್ನು ಪತ್ರಿಕೆಗೂ ಕಳಿಸುತ್ತಿದ್ದೇನೆ, ಅಚ್ಚಾದರೂ ಅದನ್ನು ಅವರಿಗೆ ಓದಿ ಹೇಳಲು ಜಾಗವಿಲ್ಲ. ಆದದ್ದು ಆಯಿತು. ತಮ್ಮಂಥವರ ಮುಂದೆ ಗೆದ್ದ ನೆನಪು ನನಗೆ ಮಿಲ್ಲಿನಲ್ಲೂ ಇಲ್ಲ.

ಕೇಳುವುದು ಒಂದೇ. ಆ ಅರ್ಜಿಯನ್ನು ವಾಪಸು ಕಳಿಸಿ. ತಳ್ಳಿಹಾಕಿದ ಮೇಲೆ ತಮಗೆ ಅದು ಯಾಕೆ? ಅವಳು ಕಲ್ಲಿನ ಮೇಲೆ ಬರೆದದ್ದನ್ನೆಲ್ಲ ಸಂಜೆಯಾದರೆ ಒರೆಸಿಬಿಡುತ್ತಿದ್ದರು. ಕಾಗದದ ಮೇಲೆ ಉಳಿದದ್ದು ಅದೊಂದೇ. ಇನ್ನೊಂದು ಸಲ ಬರೆದರಾಯಿತಲ್ಲ ಎನ್ನುತ್ತೀರಿ. ನಾನೂ ಹೇಳಿ ನೋಡಿದೆ. ಪೆನ್ನು ಕೊಟ್ಟರೆ ತಿರುಗಿಸಿ ನನ್ನ ಕೈಗೇ ಇಟ್ಟು, “ಯಾರಿಗಣ್ಣ ಬರೀಲಿ?” ಎಂದಳು. ತಮಗೆ ಗೊತ್ತಿದ್ದರೆ ಅದಕ್ಕೂ ಉತ್ತರ ಕಳಿಸಿ.

ಇಂತಿ,
ಆ ಕಪ್ಪು ಮಚ್ಚೆಯೊಳಗೆ ಎಲ್ಲೋ ಇರುವ
ರೇವಣಸಿದ್ದಪ್ಪ
ರಾಜಾಜಿನಗರ